ಶನಿವಾರ ನಾಲ್ಕು ಗಂಟೆಯ ಪಿಎಚ್‌.ಡಿ.ಗಳು

"ಇಲ್ಲಿ ಕೂತು ಎಂತ ಮಾಡ್ತೀರಿ? ಹೋಗಿ ಒಂದು ಚಾ ಕುಡಿದು ಬನ್ನಿ." ಫಳ್ನೀರಿನ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಹೇಳಿದ ಕೊನೆಯ ಮಾತು. ಚಾ ಮಾರುವವನನ್ನು ಬೇರೆಯವನ ಚಾಕ್ಕೆ ಕಳಿಸಿದಳು. ಬರುವಾಗ ಅವಳಿಲ್ಲ. ನಮ್ಮಲ್ಲಿ ಆಗುವುದೆಲ್ಲ ಹೀಗೆಯೇ. ಅಳುವುದರ ಬದಿಯಲ್ಲೇ ನಗುವಂಥದ್ದು ಒಂದು ಉಂಟು.

ಅಂದಿನಿಂದ ಕೂತರೆ ಏಳಬೇಕು ಅನಿಸುತ್ತದೆ. ಎದ್ದರೆ ಎಲ್ಲಿಗೆ ಅಂತ ಗೊತ್ತಿಲ್ಲ. ಹಾಗಾಗಿ ಬರೆಯುತ್ತೇನೆ.

ಮೌನ

ಎಂಬತ್ತನೇ ಇಸವಿಯ ನಂತರದ ಮಾತು. ತೊಕ್ಕೊಟ್ಟಿನ ನಮ್ಮ ಹೋಟ್ಲಿನ ಒಳಕೋಣೆಗೆ ಶನಿವಾರ ನಾಲ್ಕಕ್ಕೆ ನಾಲ್ಕು ಜನ ಬರುತ್ತಿದ್ದರು. ಪಿಎಚ್‌.ಡಿ. ಮಾಡುವವರು. ಜನರನ್ನು ಮಾತಾಡಿಸುವುದು, ಟೇಪಿನಲ್ಲಿ ಹಿಡಿಯುವುದು, ಕೆಮ್ಮಿದ್ದನ್ನೂ ಬಿಡದೆ ಬರೆಯುವುದು, ಅದೇ ಅವರ ಕೆಲಸ. ಒಬ್ಬರದ್ದು ಒಬ್ಬರು ಓದಿ ಧೈರ್ಯ ಹೇಳಿಕೊಳ್ಳಲು ಸೇರುವುದು.

ಅವರಲ್ಲಿ ಕುಲಶೇಖರ ಅಂತ ಊರಿನ ಹುಡುಗಿ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಮಾತು ಬರೆದು ತಂದಿದ್ದಳು. ಗಂಡನ ವಿಷಯ ಕೇಳಿದಾಗ, "ಇಲ್ಲಿ ದೀರ್ಘ ಮೌನ." ಆ ಮೌನ ಯಾಕೆ ಅಂತ ಎರಡು ಗಂಟೆ ಚರ್ಚೆ. ದುಃಖ ಅಂದ ಒಬ್ಬ. ಭಯ ಅಂದ ಇನ್ನೊಬ್ಬ.

ನನ್ನವಳು ಮದುವೆಗೆ ಮೊದಲು ಬೀಡಿ ಕಟ್ಟಿದವಳು. ಗ್ಲಾಸು ತೆಗೆಯುತ್ತಾ ಹೇಳಿದಳು: "ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ ಅಂತ ಎಣಿಸ್ತಿದ್ದಳು ಮಾರಾಯ್ತಿ. ಎಣಿಸುವಾಗ ಯಾರಾದ್ರೂ ಗಂಡನ ವಿಷಯ ಮಾತಾಡ್ತಾರಾ?"

ನಿಯಮ

ಅವರದ್ದೊಂದು ನಿಯಮ. ಬುದ್ಧಿ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು.

ಅವರಲ್ಲಿ ಒಬ್ಬ ಹುಡುಗ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಮಾರುವ ಹೆಂಗಸಿನ ಹತ್ತಿರ ಟೇಪು ಹಿಡಿದು ಹೋಗಿದ್ದ. ಅವಳೇ ಇವನನ್ನು ಕೇಳಿದಳಂತೆ. ಯಾವ ಊರು, ಪ್ರಾಯ ಎಷ್ಟು, ಮದುವೆ ಯಾಕೆ ಆಗಲಿಲ್ಲ. ಕೊನೆಗೆ ತಂಗಿಯ ಮಗಳೊಬ್ಬಳು ಇದ್ದಾಳೆ ಅಂದಳಂತೆ. ಕ್ಯಾಸೆಟ್ಟಿನ ಎರಡು ಬದಿಯಲ್ಲೂ ಇವನದ್ದೇ ಜಾತಕ. ಹುಡುಗ ತಲೆಗೆ ಕೈ ಕೊಟ್ಟು ಕೂತಿದ್ದ.

ಕುಲಶೇಖರದವಳು ನಿಯಮದ ಹಾಗೆ ಮೆಲ್ಲ ಕೇಳಿದಳು: "ಆಗ ನಿನಗೆ ಎಂತ ಅನಿಸಿತು?"

"ಹುಡುಗಿಯನ್ನು ಒಮ್ಮೆ ನೋಡಿ ಬರುವ ಅನಿಸಿತು."

ತೀರ್ಮಾನ

ಹೆಂಡತಿ ಹೋದ ಮೇಲೆ ಮೊದಲ ಶನಿವಾರ ಅವರು ಬರಲಿಲ್ಲ. ಎರಡನೆಯದ್ದಕ್ಕೂ ಇಲ್ಲ. ಮೂರನೆಯದ್ದಕ್ಕೆ ನಾಲ್ಕು ಗ್ಲಾಸು ಚಾ ಮಾಡಿ ಕಾದೆ. ತಣ್ಣಗಾಯಿತು. ಆ ಒಳಕೋಣೆ ಹಾಗೆ ಸುಮ್ಮನಿದ್ದರೆ ಹೋಟ್ಲೇ ಬೇಡ ಅನಿಸಿತು. ಬಾಗಿಲು ಹಾಕಿ ಬಸ್ಸು ಹತ್ತಿದೆ. ಎರಡು ಬಸ್ಸು. ಕುಲಶೇಖರ.

ಹುಡುಗಿಯ ಮನೆಯ ಜಗಲಿಯಲ್ಲಿ ನಾಲ್ವರೂ ಕಾಗದ ಹರಡಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ನಿಮಗೆ ಈಗ ಒಬ್ಬರೇ ಇರಬೇಕು ಅನಿಸ್ತದೆ ಅಂತ ತೀರ್ಮಾನ ಮಾಡಿದೆವು ಅಣ್ಣ," ಅಂದಳು ಹುಡುಗಿ. "ತುಂಬ ಚರ್ಚೆ ಮಾಡಿದೆವು."

"ಯಾರನ್ನು ಕೇಳಿ?"

"ನಾವು ನಾವೇ."

"ದಕ್ಕೆಯಲ್ಲಿ ಕೇಳಿದ್ರಿ. ಬೀಡಿ ಕಟ್ಟುವವರನ್ನು ಕೇಳಿದ್ರಿ. ನನ್ನನ್ನು ಕೇಳಲಿಕ್ಕೆ ಬೇರೆ ಡಿಗ್ರಿ ಬೇಕಾ?"

ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು: "ನಿಮಗೆ ಎಂತ ಬೇಕು ಅಣ್ಣ?"

"ನಾಳೆ ಬನ್ನಿ."

"ನಾಳೆ ಆದಿತ್ಯವಾರ. ಹೋಟ್ಲಿಗೆ ರಜೆ ಅಲ್ವಾ?"

"ಕೇಳಿದಿ, ಹೇಳಿದೆ. ಇನ್ನು ಚರ್ಚೆ ಬೇಡ."

ಹತ್ತು ಗಂಟೆಗೆ ಬರ್ತೇವೆ ಅಂದರು.

ಮರುದಿನ ಬೆಳಿಗ್ಗೆ ಐದಕ್ಕೇ ಬಾಗಿಲು ತೆಗೆದು ಚಾಕ್ಕೆ ನೀರಿಟ್ಟೆ.