ಮೊದಲ ಫಲದ ಖರ್ಚು

ಸಂಬಳದ ಮನುಷ್ಯನಿಗೆ ಜಮೀನಿನ ಹುಚ್ಚು ಹಿಡಿಯಬಾರದು. ಹಿಡಿದರೂ ಅದರ ಖರ್ಚು ಬರೆದಿಡುವ ಹುಚ್ಚು ಹಿಡಿಯಬಾರದು. ನನಗೆ ಎರಡೂ ಹಿಡಿದಿದ್ದವು. ಚಿಂತಾಮಣಿಯ ಬ್ಯಾಂಕೊಂದರಲ್ಲಿ ನಾನು ಏಜೆಂಟನಾಗಿದ್ದ ಕಾಲ ಅದು. ಮ್ಯಾನೇಜರನ್ನು ಆಗ ಹಾಗೆ ಕರೆಯುತ್ತಿದ್ದರು. ಅಂಬಾಜಿದುರ್ಗದ ತಪ್ಪಲಲ್ಲಿ ನಮ್ಮದು ಎರಡೆಕರೆ ಹೊಲ. ಅದರಲ್ಲಿ ಬಾದಾಮಿ ಮಾವಿನ ಕಸಿಗಿಡ ಇಡಿಸಿದವನು ನಾನು, ಬಿಂದಿಗೆಯಲ್ಲಿ ನೀರು ಹೊತ್ತು ಅವನ್ನು ಬದುಕಿಸಿದವಳು ನಮ್ಮಮ್ಮ. ಸಿಕ್ಕಿದವರ ಮುಂದೆಲ್ಲ ‘ನನ್ನ ತೋಟ’ ಎನ್ನುತ್ತಿದ್ದವನು ಮಾತ್ರ ನಾನೇ.

ಐದನೆಯ ವರ್ಷ ಗಿಡಗಳು ಕಾಯಿ ಬಿಟ್ಟವು. ವ್ಯಾಪಾರಿಯೊಬ್ಬ ಬಂದು ಇಡೀ ಫಸಲನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಅಡ್ಡ ಬಂದಳು. “ಮೊದಲ್ನೇ ಫಲ ಮಾರ್ಬಾರ್ದು ಕಣಪ್ಪ. ದೇವ್ರಿಗಿಟ್ಟು ಹಂಚ್ಬಿಡಣ. ಗಿಡ ನೊಂದ್ಕೊಂಡ್ರೆ ಆಮೇಲೆ ಏನ್ ಮಾಡ್ತೀಯ?” ಸರಿ, ಹಂಚಿದೆವು. ಪೆರೇಸಂದ್ರದ ಬೀಗರಿಗೆ ಹೋಯಿತು, ಮಾತು ಬಿಟ್ಟಿದ್ದ ಚಿಕ್ಕಪ್ಪನಿಗೂ ಹೋಯಿತು. ಚಿಕ್ಕಪ್ಪ ಹಣ್ಣು ಇಳಿಸಿಕೊಂಡರು; ಮಾತೂ ಆಡಲಿಲ್ಲ, ಬುಟ್ಟಿಯನ್ನೂ ವಾಪಸು ಕೊಡಲಿಲ್ಲ.

ಆಮೇಲೆ ನಾನು ನನ್ನ ಪುಸ್ತಕ ತೆರೆದು ಕೂತೆ. ಬೇಲಿ, ಗೊಬ್ಬರ, ಉಳುಮೆ, ಕಾವಲು ಎಂದು ಖರ್ಚಿನ ಕಡೆ ಪುಟ ತುಂಬಿತ್ತು. ಮಾರಾಟದ ಕಡೆ ಒಂದಕ್ಷರವಿಲ್ಲ. ಊರವರಿಗೆಲ್ಲ ಲೆಕ್ಕ ಹೇಳಿಕೊಡುವ ನನಗೆ ಆಗ ಒಂದು ಉಪಾಯ ಹೊಳೆಯಿತು: ಈ ನಷ್ಟವನ್ನು ಸಂಬಳದಲ್ಲಿ ಕಳೆದು, ಉಳಿದದ್ದಕ್ಕಷ್ಟೇ ಆದಾಯ ತೆರಿಗೆ ಕಟ್ಟಿದರೆ ಹೇಗೆ? ನನ್ನ ಬುದ್ಧಿಗೆ ನಾನೇ ಬೆರಗಾಗಿ, ಒಂದು ಬುಟ್ಟಿ ಹಣ್ಣಿನೊಂದಿಗೆ ಚಿಕ್ಕಬಳ್ಳಾಪುರದ ತೆರಿಗೆ ವಕೀಲರೊಬ್ಬರ ಬಳಿಗೆ ಹೋದೆ.

ವಕೀಲರು ಪುಸ್ತಕವನ್ನು ಎರಡು ಸಲ ತಿರುವಿದರು. “ಏನು ಮಾರಿದ್ರಿ ಸ್ವಾಮಿ?”

“ಏನೂ ಇಲ್ಲ. ಮೊದಲ ಫಲ ಮಾರಬಾರದು ಅಂತ ನಮ್ಮಮ್ಮ…”

“ಮಾರಿದ್ರೂ ಅಷ್ಟೇ ಬಿಡಿ. ಬೇಸಾಯದ ಲಾಭಕ್ಕೆ ಅವ್ರು ಇನ್‌ಕಮ್ ಟ್ಯಾಕ್ಸ್ ಕೇಳಲ್ಲ, ನಷ್ಟ ಆದ್ರೆ ಹೊತ್ಕೊಳ್ಳೋದೂ ಇಲ್ಲ. ಸಂಬಳದಲ್ಲಿ ಕಳಿಯೋಕೆ ಬರಲ್ಲ.”

ಫೀಸು ಎಷ್ಟೆಂದು ಕೇಳಿದೆ. “ಐದು ರೂಪಾಯಿ. ಹಣ್ಣು ತಂದಿದೀರಲ್ಲ, ಅದಕ್ಕೂ ಇದಕ್ಕೂ ಸರಿಹೋಯ್ತು,” ಎಂದರು.

ಐದು ರೂಪಾಯಿ ಉಳಿಯಿತೆಂದು ಹಿಗ್ಗುತ್ತ ಬಸ್ಸಿನಲ್ಲಿ ಕೂತೆ. ಕೂತ ಮೇಲೆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಹಣ್ಣು ಕೊಟ್ಟೆ, ಅದರ ಲೆಕ್ಕಕ್ಕೆ ಫೀಸು ತೀರಿತು. ಇದು ಮಾರಾಟವಲ್ಲದೆ ಮತ್ತೇನು? ಗಿಡ ನೊಂದುಕೊಳ್ಳುತ್ತದೆಂಬ ನಂಬಿಕೆ ನನಗಿರಲಿಲ್ಲ. ಆದರೆ ಆ ಬಿಂದಿಗೆಗಳು ನೆನಪಾದವು. ಐದು ವರ್ಷ ನೀರು ಹೊತ್ತವಳು ಕೇಳಿದ್ದು ಇದೊಂದೇ ಮಾತು. ಅದನ್ನೂ ನಾನು ಉಳಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಇಳಿದು ಹಿಂದಕ್ಕೆ ಹೋಗಿ ವಕೀಲರ ಮೇಜಿನ ಮೇಲೆ ಐದು ರೂಪಾಯಿ ಇಟ್ಟೆ. “ಹಣ್ಣು ಸುಮ್ಮನೆ ಕೊಟ್ಟದ್ದು ಸ್ವಾಮಿ. ಫೀಸು ಬೇರೆ,” ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಬಸ್ಸೂ ಹೋಗಿತ್ತು.

ಮನೆಯ ಬಾಗಿಲಲ್ಲೇ ಅಮ್ಮ ಕೇಳಿದಳು. “ವಕೀಲ್ರಿಗೆ ಹಣ್ಣು ಸುಮ್ನೆ ಕೊಟ್ಟೆ ತಾನೆ?”

“ಸುಮ್ಮನೇನಮ್ಮ, ಮೇಲೆ ಐದು ರೂಪಾಯೀನೂ ಕೊಟ್ಟು ಬಂದೆ.”

ಅವಳ ಮುಖ ಅರಳಿತು. “ಹಂಗಾದ್ರೆ ಬರೋ ವರ್ಷ ಗಿಡ ಬಗ್ಗೋ ಹಂಗೆ ಕಾಯಿ ಬಿಡ್ತದೆ ನೋಡ್ತಿರಪ್ಪ!”

ಒಳಗೆ ಹೋಗಿ ಪುಸ್ತಕ ತೆರೆದೆ. ಐದು ರೂಪಾಯಿಯನ್ನು ಯಾವ ಬಾಬಿಗೆ ಹಾಕುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಗೊಬ್ಬರ’ ಎಂದು ಬರೆದೆ.