ಹೋಗಿ ಬರುತ್ತೇನೆ, ಸ್ಪ್ಯಾನಿಷಿನಲ್ಲಿಯೂ

ನಮ್ಮ ಕಡೆ ಬಾಯಿ ತೆರೆದವನಿಗೆ ನಗೆಗೆ ಬರಗಾಲವಿಲ್ಲ. ಬದಿಯಡ್ಕ ಪೇಟೆಗೆ ಒಮ್ಮೆ ಹೋಗಿ ಬರುವಷ್ಟರಲ್ಲಿ ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ದೇವಸ್ಥಾನದಲ್ಲಿ ಕನ್ನಡ, ಹಾಲಿನ ಸೊಸೈಟಿಯಲ್ಲಿ ಮೂರನ್ನೂ ಕಲಸಿದ್ದು. ಇಷ್ಟರ ನಡುವೆ ಒಂದು ಮಾತು ದಾರಿ ತಪ್ಪದೆ ಮನೆ ಮುಟ್ಟಿದರೆ ಅದೇ ಆಶ್ಚರ್ಯ. ಅಂತಹ ಊರಿನ ನಾನು, ಹಳ್ಳಿಯ ಶಾಲೆಯಲ್ಲಿ ಕಲಿತವನು, ಈ ಪ್ರಾಯದಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟಾಗ ಎಲ್ಲರೂ ನಕ್ಕರು. ನಗಲಿ. ಅರ್ಧ ಕಿಲೋ ಬೆಲ್ಲ ತರಲಿಕ್ಕೆ ಮೂರು ಭಾಷೆ ಬೇಕಾಗುವ ಜಾಗದಲ್ಲಿ ಹುಟ್ಟಿದವನಿಗೆ ಇನ್ನೊಂದು ಭಾಷೆ ಎಂತ ದೊಡ್ಡದು?

ಕಾರಣ ಹೇಳುತ್ತೇನೆ. ಮಗಳು ಸ್ಪೇನಿನಲ್ಲಿ ನರ್ಸ್. ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಹೊಸದರಲ್ಲಿ ಆ ಮನೆಯ ಊಟದ ಮೇಜಿನಲ್ಲಿ ಅವರ ವೇಗದ ಮಾತು ಹಿಡಿಯಲಾಗದೆ ತಲೆ ತಗ್ಗಿಸಿ ಕೂರುತ್ತಿದ್ದಳಂತೆ. ಅದನ್ನು ಕಂಡು ಅಳಿಯನ ತಾಯಿ, ಅವರೂ ಹಳ್ಳಿಯವರೇ, ಹೆಂಡತಿಯಿಂದ ನಾಲ್ಕು ಮಾತು ಕಲಿತಿದ್ದ ಮಗನ ಹತ್ತಿರ ಕೇಳಿ ಕಲಿತು, ದಿನಾ ಅವಳನ್ನು ಕನ್ನಡದಲ್ಲಿ "ಊಟ ಆಯ್ತಾ?" ಎಂದು ವಿಚಾರಿಸತೊಡಗಿದರು. ಆ ಹೆಂಗಸು ಮಗ ಸೊಸೆಯ ಜೊತೆ ನಮ್ಮ ಮನೆಗೆ ಬರುವವರಿದ್ದರು. ಅವರಿಗೆ ಆ ಒಂದು ಮಾತು, ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದು. ನನ್ನ ಜಗಲಿಯಲ್ಲಿ ಅವರು ಮಾತಿಲ್ಲದೆ ಕೂರಬಾರದು. ಇಷ್ಟೇ ನನ್ನ ಹಟ.

ಹೆಂಡತಿಯ ತಮ್ಮನಿಗೆ ಬದಿಯಡ್ಕದಲ್ಲಿ ಹಾರ್ಡ್‌ವೇರ್ ಅಂಗಡಿ. ನನ್ನ ಮೊದಲ ವಿರೋಧಿ ಅವನೇ. "ಭಾವ, ನೀವು ಕೈ ಮುಗಿದು ನಗಾಡಿ, ಸಾಕು. ಉಳಿದದ್ದು ಮಗಳು ಹೇಳ್ತಾಳೆ."

"ನಗಾಡಲಿಕ್ಕೆ ನೀನಿದ್ದೀಯಲ್ಲ. ನಾನು ಮಾತಾಡ್ತೇನೆ," ಎಂದೆ.

ಸಂಜೆಯ ಭಜನೆ

ಪಾಠ ಹೇಳಿದವರು ಮಂಗಲ್ಪಾಡಿಯ ಒಬ್ಬಳು ಹುಡುಗಿ, ಫೋನಿನಲ್ಲಿ. ಪ್ರಾಯದಲ್ಲಿ ನನ್ನ ಮಗಳಿಗಿಂತ ಸಣ್ಣವರು. ಆದರೆ ಒಂದಕ್ಷರ ಕಲಿಸಿದರೂ ಟೀಚರ್ ಟೀಚರೇ. ಫೋನ್ ರಿಂಗಾದ ಕೂಡಲೇ ಹೆಗಲ ಬೈರಾಸು ತೆಗೆದು ಎದ್ದು ನಿಲ್ಲುತ್ತಿದ್ದೆ. "ಕೂತ್ಕೊಳ್ಳಿ ಅಂಕಲ್" ಎಂದ ಮೇಲೆಯೇ ಕೂರುವುದು.

ಮೊದಲಿಗೆ ಅವರು ಕಲಿಸಿದ್ದು ಮನುಷ್ಯ ತನಗೆ ತಾನೇ ಮಾಡಿಕೊಳ್ಳುವ ಕೆಲಸಗಳ ಕ್ರಿಯಾಪದಗಳು: ಏಳುವುದು, ಮೀಯುವುದು, ತಲೆ ಬಾಚಿಕೊಳ್ಳುವುದು. ನಮ್ಮ "ಕೊಳ್ಳು" ಇದ್ದ ಹಾಗೆ ಅಲ್ಲಿ ಮುಂದಿನಿಂದ ಒಂದು ಬಾಲ. ನಮ್ಮ ಶಾಲೆಯಲ್ಲಿ ಮಗ್ಗಿ ಆಗಲಿ ಪದ್ಯ ಆಗಲಿ, ರಾಗ ಹಾಕದೆ ತಲೆಗೆ ಹೋದದ್ದಿಲ್ಲ. ಸಂಜೆ ದೀಪದ ಮುಂದೆ ಭಜನೆ ಮುಗಿಸಿ, ತಾಳ ಕೆಳಗಿಡದೆ ಅದೇ ರಾಗದಲ್ಲಿ ಸುರುಮಾಡಿದೆ: "ಮೆ ಲೆವಾಂತೊ, ತೆ ಲೆವಾಂತಾಸ್, ಸೆ ಲೆವಾಂತಾ..."

ಆಚೆಮನೆಯ ಅಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದವರು ಚಪ್ಪಲಿ ಅಂಗಳದಲ್ಲಿ ಬಿಟ್ಟು, ಕಣ್ಣುಮುಚ್ಚಿ ಕೈಮುಗಿದು ನಿಂತರು. ನಾನು ಎದ್ದು, ಮಿಂದು, ತಲೆ ಬಾಚಿ ಮುಗಿಸುವವರೆಗೂ ಕಣ್ಣು ತೆರೆಯಲಿಲ್ಲ.

"ಚಂದ ಉಂಟು. ಯಾವ ದೇವರದ್ದು?"

ದೀಪದ ಮುಂದೆ ಸುಳ್ಳು ಹೇಳಬಾರದು. "ದೇವರದ್ದಲ್ಲ ಅಕ್ಕ, ಎದ್ದು ಮೀಯುವುದು."

"ಯಾರು?"

"ನಾನು, ನೀನು, ಅವನು, ನಾವೆಲ್ಲ."

ಅಕ್ಕ ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡರು. "ಲೋಕದವರೆಲ್ಲ ಎದ್ದು ಮೀಯಲಿ ಅಂತ ಅಲ್ವಾ? ಇದಕ್ಕಿಂತ ದೊಡ್ಡ ಪ್ರಾರ್ಥನೆ ಯಾವುದುಂಟು? ಪ್ರಸಾದ ಕೊಡಿ."

ಕೊಟ್ಟೆ. ಹೆಪ್ಪನ್ನೂ ಕೊಟ್ಟೆ.

ಸಾಕ್ಷಿ

"ನಿಮ್ಮ ಬೆಳಗ್ಗಿನ ದಿನಚರಿಯನ್ನು ಸ್ಪ್ಯಾನಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿ," ಎಂದರು ಟೀಚರ್. ಮೂಲೆಯಲ್ಲಿ ಕೂತು ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಾಡುತ್ತಾ ಹೇಳುವುದು ಸತ್ಯ. ಫೋನನ್ನು ಮೊದಲು ತಲೆದಿಂಬಿನ ಹತ್ತಿರ, ಮತ್ತೆ ಬಚ್ಚಲಿನ ಕಿಟಕಿಯಲ್ಲಿ ಇಟ್ಟು ಒಂದೊಂದೇ ವಾಕ್ಯ ಗಂಭೀರವಾಗಿ ಹೇಳಿ ಕಳಿಸಿದೆ.

ಸಂಜೆ ಟೀಚರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ನನ್ನ ರೆಕಾರ್ಡನ್ನು ನನಗೇ ಕೇಳಿಸಿದರು. "ನಾನು ಏಳುತ್ತೇನೆ" ಎಂಬ ನನ್ನ ಸ್ಪ್ಯಾನಿಷಿನ ಹಿಂದೆಯೇ ಹೆಂಡತಿಯ ಸ್ವರ: "ಏಳಿ, ಏಳಿ, ದನ ಕೂಗ್ಲಿಕ್ಕೆ ಸುರುಮಾಡಿತು." "ನಾನು ಮೀಯುತ್ತೇನೆ" ಎಂದಲ್ಲಿ: "ಬಿಸಿನೀರು ತೋಡಿ ಇಟ್ಟಿದ್ದೇನೆ, ತಣಿದರೆ ನನ್ನನ್ನು ಹೇಳ್ಬೇಡಿ." "ನಾನು ಒರೆಸಿಕೊಳ್ಳುತ್ತೇನೆ" ಎಂದಲ್ಲಿ: "ಬೈರಾಸು ಬಾಗಿಲ ಮೇಲೆಯೇ ಉಂಟು, ಕಣ್ಣು ಕಾಣುದಿಲ್ವಾ?"

"ಅಂಕಲ್, ವಾಕ್ಯ ಎಲ್ಲ ಸರಿ. ಆದರೆ ಸಾಕ್ಷಿ ನಿಮ್ಮ ವಿರುದ್ಧ ಉಂಟು."

ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು: "ಟೀಚರೇ, ಅವರು ಯಾರ ಸಹಾಯವೂ ಇಲ್ಲದೆ ಮಾಡಿಕೊಳ್ಳುವುದು ಒಂದೇ. ಸಿಟ್ಟು."

ಅದಕ್ಕೂ ಅಲ್ಲಿ ಅದೇ ಬಾಲದ ಕ್ರಿಯಾಪದ ಉಂಟಂತೆ. ಮರುದಿನದ ಪಾಠ ಅದೇ.

ಸೌಟಿನ ಯುದ್ಧ

ಊಟದ ಪಾಠ ಬಂತು. ನೆಂಟರು ಕೂತ ಮೇಲೆ "ಸಿರ್ವಾಸೆ" ಎನ್ನಬೇಕು, ಎಂದರೆ "ಬಡಿಸಿಕೊಳ್ಳಿ". ಅದು ಅಲ್ಲಿಯ ಮರ್ಯಾದೆ.

"ಟೀಚರ್, ಈ ಮಾತು ನನ್ನ ಬಾಯಲ್ಲಿ ಬರುದಿಲ್ಲ," ಎಂದೆ. "ಎಲೆಯ ಮುಂದೆ ಕೂತವರಿಗೆ ನೀವೇ ಬಡಿಸಿಕೊಳ್ಳಿ ಅಂದರೆ ನಮ್ಮಲ್ಲಿ ಗೇಟು ತೋರಿಸಿದ ಹಾಗೆ."

"ಪರೀಕ್ಷೆಗೆ ಬರ್ತದೆ ಅಂಕಲ್."

"ಬರಲಿ. ಫೇಲಾಗ್ತೇನೆ."

ಮಗಳು ಅಳಿಯನ ಜೊತೆ ಅಳಿಯನ ತಾಯಿ ಬಂದರು. ಗಟ್ಟಿ ಹೆಂಗಸು, ಊರಲ್ಲಿ ಕೋಳಿ ಸಾಕುವವರು, ಅಂಗೈ ನೋಡಿದರೆ ಗೊತ್ತಾಗುತ್ತದೆ ದುಡಿದವರೆಂದು. ಮೊದಲ ಊಟಕ್ಕೆ ಸೌಟು ಹಿಡಿದು ನಾನೇ ನಿಂತೆ. ಅವರು "ನೋ, ಗ್ರಾಸಿಯಾಸ್" ಎಂದರು. ಬೇಡ ಎಂದು. ನಮ್ಮಲ್ಲಿ ಮೊದಲ ಎರಡು ಬೇಡ ಲೆಕ್ಕಕ್ಕಿಲ್ಲ, ಮೂರನೆಯದಕ್ಕೆ ಕಿವಿ ಕೊಡಬೇಕು. ಬಡಿಸಿದೆ. ಅವರ ಊರಲ್ಲೋ ಹಾಕಿದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ. ಉಂಡರು. ಎಲೆ ಖಾಲಿಯಾದರೆ ಮತ್ತೆ ಬಡಿಸುವುದು ನಮ್ಮ ಧರ್ಮ. ಬಡಿಸಿದೆ. ಎರಡು ಊರಿನ ಮರ್ಯಾದೆಗಳು ಪಾಯಸದವರೆಗೆ ಹೋರಾಡಿದವು. ಅವರು ಮಲಗಿದವರು ಏಳುವಾಗ ದೀಪ ಹಚ್ಚುವ ಹೊತ್ತು.

ಮರುದಿನ ಅವರು ಅಡಿಗೆಮನೆಗೆ ನುಗ್ಗಿ, ನಮ್ಮ ಮನೆಯ ಕ್ರಮಕ್ಕಾಗಿ ತಮ್ಮ ಊರಿನ ತಿಂಡಿಯ ಮೊಟ್ಟೆ ಬಿಟ್ಟು, ಬರೀ ಬಟಾಟೆಯನ್ನು ಎಣ್ಣೆಯಲ್ಲಿ ಹುರಿದು, ಸೌಟು ಹಿಡಿದು ನನ್ನ ಎಲೆಯ ಮುಂದೆ ನಿಂತರು. ನಾನು "ಸಾಕು" ಎಂದೆ. ಅವರು ತಿರುಗಿ ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ಒಂದು ಬೆರಳು ಎತ್ತಿದಳು. ಬಟಾಟೆ ಬಿತ್ತು. ಇನ್ನೊಮ್ಮೆ "ಸಾಕು" ಎಂದೆ. ಎರಡು ಬೆರಳು. ಮತ್ತೂ ಬಿತ್ತು. ಮೂರನೆಯ "ಸಾಕು" ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

ಏಕವಚನ

"ಅಲ್ಲಿ ಮಾತಿನಲ್ಲಿ ಎಲ್ಲರಿಗೂ 'ತು', ಅಂದರೆ ನೀನು. 'ಉಸ್ತೆದ್' ಅಂತ ಬಹುವಚನ ಹಾಕಿದರೆ ಕಚೇರಿಗೆ ಹೋದ ಹಾಗೆ ಆಗ್ತದೆ," ಎಂದು ಟೀಚರ್ ಎಚ್ಚರಿಸಿದ್ದರು. ನಾನು ಕೇಳಲಿಲ್ಲ. ಅಳಿಯನ ತಾಯಿಯನ್ನು ನೀನು ಎನ್ನುವ ನಾಲಗೆ ನನ್ನದಲ್ಲ. ಜಗಲಿಯಲ್ಲಿ ಕೂತು ಕೋಳಿ, ದನ, ಮಳೆ, ಮೊಣಕಾಲು ನೋವು ಎಂದು ಸಂಜೆಯ ತನಕ ಮಾತಾಡಿದೆವು. ತಪ್ಪು ನೂರಿದ್ದೀತು, ಮಾತು ಮಾತ್ರ ನಿಲ್ಲಲಿಲ್ಲ. ಪ್ರತಿ ವಾಕ್ಯಕ್ಕೂ ನನ್ನದು ಉಸ್ತೆದ್.

ಕೊನೆಗೊಮ್ಮೆ ಅವರು ಮಗಳನ್ನು ಕರೆದು ಕೇಳಿದರಂತೆ: "ನಿನ್ನ ಅಪ್ಪನಿಗೆ ನನ್ನ ಮೇಲೆ ಸಿಟ್ಟಾ? ಕೋರ್ಟಿನಲ್ಲಿ ಮಾತಾಡಿದ ಹಾಗೆ ಮಾತಾಡ್ತಾರೆ."

ಮಗಳು ಬಂದು, "ಅಪ್ಪ, ಅತ್ತೆಗೆ ಒಂದು ಸಲ 'ನೀನು' ಅನ್ನಿ," ಎಂದಳು.

"ಆಗದು. ಈ ಮನೆಯಲ್ಲಿ ಏಕವಚನ ದನಗಳಿಗೆ ಮಾತ್ರ," ಎಂದು ಗಟ್ಟಿಯಾಗಿ ಹೇಳಿದೆ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಹಾಗಾದರೆ ಇಷ್ಟು ವರ್ಷ ನನ್ನನ್ನು ಎಂತ ಅಂತ ಎಣಿಸಿದ್ದೀರಿ?" ಎಂದಳು ಹೆಂಡತಿ.

ಮಗಳು ಅದನ್ನು ಅತ್ತೆಗೆ ಸ್ಪ್ಯಾನಿಷಿನಲ್ಲಿ ಹೇಳಿದಳು. ಆಮೇಲೆ ಆ ಇಬ್ಬರು ಹೆಂಗಸರಿಗೆ ಮಾತಾಡಲು ಯಾವ ಭಾಷೆಯೂ ಬೇಕಾಗಲಿಲ್ಲ. ನನ್ನನ್ನು ನೋಡಿ ನಕ್ಕರೆ ಸಾಕಾಗುತ್ತಿತ್ತು.

ವಿಮಾನ ನಿಲ್ದಾಣದ ಬಾಗಿಲಲ್ಲಿ

ಟೀಚರ ಹತ್ತಿರ ನಾನು ಎಲ್ಲಕ್ಕಿಂತ ದೊಡ್ಡ ಜಗಳ ಮಾಡಿದ್ದು ಹೊರಡುವ ಮಾತಿಗೆ. "ಮೆ ಬೋಯ್" ಎನ್ನಬೇಕಂತೆ. ಇಲ್ಲಿಂದ ಹೋಗುತ್ತೇನೆ, ಆಯಿತು, ಮುಗಿಯಿತು. ನಮ್ಮ ಮನೆಯಲ್ಲಿ ಹೊರಡುವವರು "ಹೋಗ್ತೇನೆ" ಎಂದರೆ ಹಿಂದೆ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುವುದು. ಹೋಗಿ ಬರ್ತೇನೆ ಎನ್ನಬೇಕು. ಅದನ್ನೇ ನಾನು ಜೋಡಿಸಿಕೊಂಡೆ: "ಬೋಯ್ ಇ ಬೆಂಗೊ." ಹೋಗುತ್ತೇನೆ ಮತ್ತು ಬರುತ್ತೇನೆ.

"ಅಂಕಲ್, ಹಾಗೆ ಹೇಳಿದವರು ಅಲ್ಲಿ ಒಂದು ಗಳಿಗೆಯಲ್ಲಿ ವಾಪಸು ಬರ್ತಾರೆ."

"ಇಲ್ಲಿ ದೇವರು ಕರೆತಂದಾಗ ಬರ್ತಾರೆ. ಬರುವುದು ಬರುವುದೇ."

ನೆಂಟರು ಹೊರಡುವ ದಿನ ಭಾವಮೈದುನನ ಕಾರಿನಲ್ಲಿ ಮಂಗಳೂರಿಗೆ ಹೋದೆವು. ರಾಹುಕಾಲ ತಪ್ಪಿಸಿ ನಾನು ಬೇಗ ಹೊರಡಿಸಿದ್ದರಿಂದ ಸಮಯ ಧಾರಾಳವಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಗಳನ್ನೂ ಅಳಿಯನನ್ನೂ ಹರಸಿ, ಅಳಿಯನ ತಾಯಿಗೆ ಕೈಮುಗಿದು, "ಬೋಯ್ ಇ ಬೆಂಗೊ" ಎಂದೆ. ಅವರು ತಲೆಯಾಡಿಸಿದರು. ನಾವು ಹೊರಟೆವು.

ವಾಪಸು ಬರುವ ದಾರಿಯಲ್ಲಿ, ತೊಕ್ಕೊಟ್ಟಿನಲ್ಲಿ ಚಹಾ ಕೈಗೆ ಬಂದಿತ್ತಷ್ಟೆ, ಮಗಳ ಫೋನು.

"ಅಪ್ಪ, ಅತ್ತೆ ಬಾಗಿಲ ಹೊರಗೆ ಪೆಟ್ಟಿಗೆಯ ಮೇಲೆ ಕೂತಿದ್ದಾರೆ. ಒಳಗೆ ಬರುದಿಲ್ಲ ಅಂತಾರೆ. ನೀವು ಈಗ ಬರ್ತೇನೆ ಅಂತ ಮುಖ ನೋಡಿ ಹೇಳಿದ್ದೀರಂತೆ."

"ನಮ್ಮ ಕ್ರಮ ನೀನು ಹೇಳ್ಲಿಲ್ವಾ?"

"ಹೇಳಿದೆ. 'ಅವರು ಮಾತು ತಪ್ಪುವ ಮನುಷ್ಯ ಅಲ್ಲ. ಬಂದು ನೋಡುವಾಗ ನಾನಿಲ್ಲದಿದ್ದರೆ ಎಂತ ಎಣಿಸಿಯಾರು?' ಅಂತಾರೆ. ಫೋನ್ ಕೊಡ್ತೇನೆ, 'ಮೆ ಬೋಯ್' ಅಂತ ಹೇಳಿಬಿಡಿ, ಏಳ್ತಾರೆ."

"ಪ್ರಯಾಣದ ಹೊತ್ತಿಗೆ ಆ ಮಾತಾ? ನನ್ನ ಬಾಯಿಂದ ಬರುದಿಲ್ಲ."

"ವಿಮಾನ ತಪ್ತದೆ ಅಪ್ಪ!"

"ತಪ್ಪುದಿಲ್ಲ. ಬರ್ತೇನೆ ಅಂತ ಹೇಳಿದ್ದೇನೆ. ಬರ್ತೇನೆ."

ಭಾವಮೈದುನ ಚಹಾವನ್ನು ಬಿಸಿಬಿಸಿಯೇ ನುಂಗಿ ಕಾರು ತಿರುಗಿಸಿದ. "ಎರಡು ಶಬ್ದ ಹೇಳಿದರೆ ಮುಗಿಯುವುದಕ್ಕೆ ಎರಡು ಲೀಟರ್ ಪೆಟ್ರೋಲು," ಎಂದು ದಾರಿಯುದ್ದಕ್ಕೂ ಗೊಣಗಿದ. ನಾನು ರಾಮನಾಮ ಜಪಿಸಿದೆ.

ಅವರು ಪೆಟ್ಟಿಗೆಯ ಮೇಲೆ ನೆಟ್ಟಗೆ ಕೂತಿದ್ದರು. ನನ್ನನ್ನು ಕಂಡು ಮಗಳ ಕಡೆ ತಿರುಗಿ, ನಾನು ಹೇಳಲಿಲ್ಲವಾ ಎಂಬಂತೆ ಗದ್ದ ಎತ್ತಿದರು. ಮತ್ತೆ ಎದ್ದು, ನನಗೆ ಕೈಮುಗಿದು, "ಬೋಯ್ ಇ ಬೆಂಗೊ" ಎಂದು ಹೇಳಿ, ಹಿಂತಿರುಗಿ ನೋಡದೆ ಒಳಗೆ ಹೋದರು.

ಭಾವಮೈದುನ ಗಾಜಿನ ಬಾಗಿಲನ್ನೇ ನೋಡುತ್ತಾ ನಿಂತ. "ಈಗ ಬರ್ತೇನೆ ಅಂತ ಅಲ್ವಾ ಅವರು ಹೇಳಿದ್ದು? ಇನ್ನು ನಾವು ಇಲ್ಲೇ ಕೂತು ಕಾಯುವುದಾ?"

"ಕಾಯುವುದೇ. ಹೇಳಿದವರು ಬಂದೇ ಬರ್ತಾರೆ. ನಿನಗೆ ಅಂಗಡಿ ತೆರೆಯುವ ಅವಸರ ಉಂಟಾದರೆ ನೀನು ಹೋಗು."

"ಭಾವ!" ಎಂದು ಅವನು ಬೆಚ್ಚಿಬಿದ್ದ. "ಹೋಗಿ ಬಾ ಅನ್ನಿ ಮಾರಾಯ್ರೇ, ನಾನು ಗಾಡಿ ಓಡಿಸುವವ!"