ಉಜ್ಜನಪ್ಪ ಮೇಷ್ಟ್ರು ಮಾಳಿಗೆ ಖಾಲಿ ಮಾಡಿದ್ದು

ಎಲ್ಲದಕ್ಕೂ ಕಾರಣ ಒಂದು ಬದನೆ ಹೂವು. ಅದಕ್ಕೆ ಆ ಭಾನುವಾರ ಬೆಳಿಗ್ಗೆಯೇ ಅರಳು ಎಂದು ಯಾರು ಹೇಳಿದ್ದರೋ!

ಪಿ.ಜೆ. ಬಡಾವಣೆಯ ಡ್ರಾಯಿಂಗ್ ಮೇಷ್ಟ್ರು ಉಜ್ಜನಪ್ಪನವರ ಮನೆಯಲ್ಲಿ ಮಾಳಿಗೆಯ ಬಗ್ಗೆ ಒಂದು ಒಪ್ಪಂದವಿತ್ತು. ದಸರೆಯಿಂದ ಶಿವರಾತ್ರಿಯವರೆಗೆ ಅದು ಮೇಷ್ಟ್ರ ಕೈತೋಟ. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಹೆಂಡತಿ ಅನ್ನಪೂರ್ಣಮ್ಮನವರು ಸಂಡಿಗೆ ಒಣಗಿಸುವ ಜಾಗ. ಹೋದ ವರ್ಷ ಮೇಷ್ಟ್ರು "ಇನ್ನೊಂದು ವಾರ, ಇನ್ನೊಂದು ವಾರ" ಎನ್ನುತ್ತ ಬಿಸಿಲನ್ನೆಲ್ಲ ಟೊಮೆಟೊ ಗಿಡಕ್ಕೇ ಉಣಿಸಿದ್ದರಿಂದ ವರ್ಷವಿಡೀ ಅಂಗಡಿ ಸಂಡಿಗೆ ತಿನ್ನಬೇಕಾಯಿತು.

"ನೀಲಕ್ಕ ಸಂಜೆ ಹರಿಹರದಿಂದ ಹಿಟ್ಟು ರುಬ್ಬಿಸಿಕೊಂಡು ಬರ್ತಾಳೆ. ನಾಳೆ ಬೆಳಿಗ್ಗೆ ಸಂಡಿಗೆ ಇಡ್ತೀವಿ," ಎಂದರು ಅನ್ನಪೂರ್ಣಮ್ಮ, ಈ ಸಲದ ಶಿವರಾತ್ರಿ ಕಳೆದ ಆ ಭಾನುವಾರ ಬೆಳಿಗ್ಗೆ. ನೀಲಕ್ಕ ಅವರ ಒಡಹುಟ್ಟಿದ ಅಕ್ಕ. ಆಕೆಯ ಮಾಳಿಗೆಯಲ್ಲಿ ಮಂಗಗಳದ್ದೇ ರಾಜ್ಯಭಾರ. "ಅಷ್ಟೊತ್ತಿಗೆ ಮಾಳಿಗೆ ಖಾಲಿ ಆಗ್ಬೇಕು. ಒಂದು ಕುಂಡ ಉಳಿದ್ರೂ ಬರೋ ವರ್ಷ ನಿಮಗೆ ತೋಟ ಇಲ್ಲ, ತಿಳೀತಾ?"

ಮೇಷ್ಟ್ರು ಕತ್ತರಿ, ಗೋಣಿಚೀಲ ಹಿಡಿದು ಹತ್ತಿದರು. ಮಾಳಿಗೆಯಲ್ಲಿ ಇಪ್ಪತ್ತೊಂದು ಕುಂಡಗಳು. ಒಂದೊಂದಕ್ಕೂ ಅವರೇ ಚಿತ್ರ ಬರೆದಿದ್ದರು. ಒಂದರ ಮೇಲೆ ಅನ್ನಪೂರ್ಣಮ್ಮನವರ ಮುಖವೇ ಇತ್ತು. ಆಕೆ "ಕುಂಬಳಕಾಯಿ ಚಂದ ಬರ್ದೀರಿ" ಎಂದು ಹೊಗಳಿದ್ದರಿಂದ ಮೇಷ್ಟ್ರು ಆ ವಿಷಯ ಮುಂದುವರಿಸಿರಲಿಲ್ಲ.

ಮೊದಲ ಕುಂಡದ ಬದನೆ ಗಿಡಕ್ಕೆ ಕೈ ಹಾಕಿದರೆ, ಹೋಂವರ್ಕ್ ಮಾಡದ ಹುಡುಗಿಯಂತೆ ತಲೆ ತಗ್ಗಿಸಿ ನಿಂತ ನೇರಳೆ ಹೂವು! ಕೀಳಲು ಮನಸ್ಸು ಬರಲಿಲ್ಲ. ಮೊದಲು ಒಣಗಿದ್ದನ್ನು ಕೀಳೋಣ ಎಂದು ಗೋಡೆಯಂಚಿನ ಹೀರೆ ಬಳ್ಳಿಯ ಕಡೆ ತಿರುಗಿದರು. ಎಳೆದರು. ಬರಲಿಲ್ಲ. ಒಂದು ಕಾಲನ್ನು ಗೋಡೆಗೆ ಕೊಟ್ಟು ಉಸಿರು ಬಿಗಿಹಿಡಿದು ಎಳೆದರು. ಟಪ್! ಬಳ್ಳಿ ಬಂತು. ಅದರ ತೋಳು ಹಿಡಿದುಕೊಂಡು ಇಪ್ಪತ್ತು ಅಡಿ ಕಪ್ಪು ವೈರೂ ಬಂತು.

ಅದು ಇಡೀ ಓಣಿಯ ಇಂಟರ್ನೆಟ್ಟು.

ಮೊದಲು ಓಡಿ ಬಂದವನು ಎದುರುಮನೆಯ ಅಂಜನಕುಮಾರ. ಮೇಲೆ ಇಸ್ತ್ರಿ ಮಾಡಿದ ಶರಟು, ಕೆಳಗೆ ಲುಂಗಿ. "ಮೇಷ್ಟ್ರೇ, ಹುಡುಗಿ ಮನೇರು ವಿಡಿಯೋ ಕಾಲ್‌ನಾಗೆ ಇದ್ರು! 'ಸಿಟ್ಟು ಜಾಸ್ತಿನಾ' ಅಂತ ಕೇಳಿದ್ರು. ಬಾಯಿ ತೆಗೆದೆ, ಕಟ್ ಆತು!"

ಹಿಂದೆಯೇ ಪಕ್ಕದ ಮನೆಯ ಗುರುಶಾಂತಮ್ಮ ಏದುಸಿರು ಬಿಡುತ್ತ ಹತ್ತಿದರು. "ಪ್ರವಚನ ನೋಡ್ತಿದ್ದೆ. ಸ್ವಾಮಿಗಳು ಆಶೀರ್ವಾದಕ್ಕೆ ಕೈ ಎತ್ತಿದ್ರು. ಹಂಗೇ ನಿಂತಾರೆ ನೋಡ್ರಿ ಪಾಪ, ಕೈ ಇಳಿಸ್ವಲ್ರು!"

ಆಟೋ ಓಡಿಸುವ ಮುದಸ್ಸಿರ್ ಮಾತ್ರ ಬೈಯಲಿಲ್ಲ. "ಮೇಷ್ಟ್ರೇ, ಬಿದ್ದಿಲ್ಲ ತಾನೆ? ವೈರು ಬೇರೆ ಬರ್ತೈತೆ, ಸೊಂಟ ಬೇರೆ ಬರಲ್ಲ," ಎಂದು ಅವರನ್ನು ಕೂರಿಸಿ, ಕೇಬಲ್ಲಿನವನಿಗೆ ಫೋನ್ ಮಾಡಿ, ತಾನೇ ಹೋಗಿ ಕರೆತಂದ.

ಅಷ್ಟರಲ್ಲಿ ಗುರುಶಾಂತಮ್ಮನ ಕಣ್ಣು ಬದನೆ ಗಿಡದ ಮೇಲೆ ಬಿತ್ತು. "ಅಯ್ ಶಿವನೇ! ಹೂ ಬಿಟ್ಟ ಗಿಡ ಕೀಳ್ತೀರಾ? ಬಸುರಿ ಇದ್ದಂಗೆ ರೀ ಅದು! ಕೊಡ್ರಿ ಇಲ್ಲಿ."

ಮೇಷ್ಟ್ರಿಗೆ ಉಪಾಯ ಹೊಳೆಯಿತು. "ತಗಂಡು ಹೋಗ್ರಿ, ಹಿತ್ತಲಾಗೆ ನೆಡ್ರಿ. ಗಿಡ ನಿಮ್ಮದು. ಕುಂಡ ಮಾತ್ರ ವಾಪಸ್ ಕೊಡ್ರಿ, ಮೆಟ್ಲ ಕೆಳಗೆ ಜೋಡಿಸಿಡ್ತೀನಿ."

ಆಮೇಲೆ ಜಗಳಕ್ಕೆಂದು ಬಂದ ಓಣಿಯವರೆಲ್ಲ ಒಂದೊಂದು ಕುಂಡ ಎತ್ತಿಕೊಂಡು ಇಳಿದರು. ಅಂಜನಕುಮಾರ ಮೆಣಸಿನ ಗಿಡ ಒಯ್ದ. ಕೇಬಲ್ಲಿನವನೂ ವೈರು ಕಟ್ಟಿ, ಮೆಂತ್ಯದ ಕುಂಡ ಬಗಲಿಗಿಟ್ಟುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಮಾಳಿಗೆ ನುಣ್ಣಗೆ ಬೋಳು.

ಮೇಷ್ಟ್ರು ಗುಡಿಸಿ, ತೊಳೆದರು. ಮುದಸ್ಸಿರನ ಹೆಂಡತಿ ಬುಷ್ರಾ, ಕೇಳದೆಯೇ ಶುಂಠಿ ಚಹಾ ಕಳಿಸಿದಳು. ಅನ್ನಪೂರ್ಣಮ್ಮ ಬಂದು ನೋಡಿ, "ಬರೋ ವರ್ಷ ಹೀರೆ ಬಳ್ಳಿಗೆ ಬೇರೆ ಕಂಬ ಹಾಕಿಸ್ತೀನಿ ಬಿಡ್ರಿ," ಎಂದರು. ಮೇಷ್ಟ್ರ ಎದೆ ಹೊಸ ಗೊಬ್ಬರ ಬಿದ್ದ ಪಾತಿಯಂತೆ ಉಬ್ಬಿತು. ಆ ನೆಮ್ಮದಿಯಲ್ಲೇ ಕೆಳಗಿಳಿದು ಮಲಗಿಬಿಟ್ಟರು.

ಎಚ್ಚರವಾದಾಗ ಸಂಜೆ ಐದೂವರೆ. ತಲೆಯ ಮೇಲೆ ದಡಬಡ ಸದ್ದು. ಹತ್ತಿ ನೋಡಿದರೆ, ಇಪ್ಪತ್ತೊಂದು ಕುಂಡಗಳೂ ಸಾಲಾಗಿ ಕೂತಿದ್ದವು. ಒಂದೂ ಖಾಲಿಯಿರಲಿಲ್ಲ. ದೊಡ್ಡಪತ್ರೆ, ಬಸಳೆ, ಪುದೀನ, ನುಗ್ಗೆ, ದಾಸವಾಳ. ಎಲ್ಲವೂ ಈಗ ತಾನೆ ನೆಟ್ಟವು, ನೀರುಣಿಸಿದವು, ಹಸುಗೂಸಿನಂಥವು.

"ಏನ್ರಿ ಇದು?" ಎಂದರು ಮೇಷ್ಟ್ರು.

ಗುರುಶಾಂತಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಕ್ಕರು. "ಬರೀ ಕುಂಡ ಹೆಂಗ್ರಿ ವಾಪಸ್ ಕೊಡೋದು? ಮಜ್ಜಿಗೆ ಇಸ್ಕಂಡ ತಂಬಿಗೇನೇ ನಾವು ಖಾಲಿ ಕೊಡಲ್ಲ!"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ನೀನಾದ್ರೂ ಬ್ಯಾಡ ಅನ್ಬಾರ್ದಾ?"

"ಬಾಗಿಲಿಗೆ ಬಂದ ಹಸಿರನ್ನ ಬ್ಯಾಡ ಅಂತಾರೇನ್ರಿ?" ಎಂದ ಅನ್ನಪೂರ್ಣಮ್ಮನ ಮುಖದಲ್ಲಿ ಸಿಟ್ಟು, ಸಂಕಟ ಎರಡೂ ಜಾಗಕ್ಕಾಗಿ ಕಿತ್ತಾಡುತ್ತಿದ್ದವು. "ಅಕ್ಕನಿಗೆ ಏನು ಹೇಳ್ಲಿ ಈಗ?"

ಹೇಳುವಷ್ಟರಲ್ಲಿ ಮುದಸ್ಸಿರನ ಆಟೋ ಬಂದು ನಿಂತಿತು. ನೀಲಕ್ಕ ಹಿಟ್ಟಿನ ಬಕೆಟ್ಟು ಅವನ ಕೈಗೆ ಕೊಟ್ಟು, ತಾವೊಂದು ಚೀಲವನ್ನು ಮಗುವಿನಂತೆ ಅವಚಿಕೊಂಡು ಮಾಳಿಗೆ ಹತ್ತಿ ಬಂದರು. ನೀಲಕ್ಕ ಕುಂಡಗಳ ಸಾಲಿನತ್ತ ನೋಡಿದರು. ಮೆಲ್ಲಗೆ ಚೀಲ ಬಿಚ್ಚಿದರು. ಒಳಗೆ ನವಿಲಿನ ಚಿತ್ರದ ಕುಂಡ, ಅದರಲ್ಲೊಂದು ಕರಿಬೇವಿನ ಸಸಿ.

"ಹೋದ ವರ್ಷ ತುಳಸಿ ಕೊಟ್ಟಿದ್ರಲ್ಲ ಮೇಷ್ಟ್ರೇ, ಕುಂಡ ನನ್ನ ಹತ್ರಾನೇ ಉಳಿದಿತ್ತು. ಖಾಲಿ ಹೆಂಗೆ ತರ್ಲಿ ಅಂತ..." ಎನ್ನುತ್ತ ಸಾಲಿನ ಕೊನೆಗೆ ಇಟ್ಟರು. ಇಪ್ಪತ್ತೆರಡು.

ಮೊದಲು ನಕ್ಕವರು ಅನ್ನಪೂರ್ಣಮ್ಮ. ಗುರುಶಾಂತಮ್ಮ, "ನಮ್ಮ ಮಾಳಿಗೆ ಖಾಲಿ ಐತಲ್ರಿ, ಅಲ್ಲೇ ಇಡ್ರಿ ಸಂಡಿಗೆ. ಕಾಯಾಕೆ ಒಬ್ರು ಬೇಕಷ್ಟೆ," ಎಂದರು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

ಮರುದಿನ ಸ್ಕೂಲಿಗೆ ರಜೆ ಹಾಕಿದ ಮೇಷ್ಟ್ರು ಪಕ್ಕದ ಮಾಳಿಗೆಯಲ್ಲಿ ಕೊಡೆ, ಕೋಲು ಹಿಡಿದು ಕೂತಿದ್ದರು. ತಮ್ಮ ಮಾಳಿಗೆಯಲ್ಲಿ ಅನ್ನಪೂರ್ಣಮ್ಮ ಒಂದೊಂದೇ ಸಸಿಗೆ ತಂಬಿಗೆಯಿಂದ ನೀರು ಹನಿಸುತ್ತಿದ್ದರು.

ಮೇಷ್ಟ್ರು ಧೈರ್ಯ ಮಾಡಿ ಕೂಗಿದರು: "ಹಂಗಾದ್ರೆ ಬರೋ ವರ್ಷ ನನಗೆ ತೋಟ ಐತೋ ಇಲ್ಲೋ?"

"ಈ ವರ್ಷದ್ದೇ ಎಲ್ಲಿ ಮುಗೀತ್ರಿ?" ಎಂದರು ಅನ್ನಪೂರ್ಣಮ್ಮ, ಬಸಳೆಯ ಕುಡಿಯನ್ನು ಕಡ್ಡಿಗೆ ಹಬ್ಬಿಸುತ್ತ. "ಮಾತು ಸಾಕು, ಕಾಗೆ ನೋಡ್ರಿ, ಕಾಗೆ!"